ರಾತ್ರಿ ಮಿಕ್ಕ ಅನ್ನ, ಮಧ್ಯಾಹ್ನದ ಬಟ್ಟಲು

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಐದು ಜನ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ರಾತ್ರಿ ಅನ್ನ, ಪಲ್ಯ, ಸಾರು ಏನಾದರೂ ಮಿಕ್ಕೇ ಮಿಕ್ಕುತ್ತದೆ. ಮೊಬೈಲಿನಲ್ಲಿ ಗ್ರೇನ್ ಬೌಲ್ (ಒಂದೇ ಬಟ್ಟಲಿನಲ್ಲಿ ಧಾನ್ಯ, ತರಕಾರಿ, ಕಾಳು ಪಕ್ಕ ಪಕ್ಕ ಇಟ್ಟು ಮೇಲೆ ರಸ ಹಾಕಿದ ಊಟ) ನೋಡಿ, ಮಿಕ್ಕಿದ್ದರಲ್ಲೇ ಹತ್ತು ನಿಮಿಷದಲ್ಲಿ ಅದನ್ನು ಮಾಡಿ ಡಬ್ಬಿಗೆ ತುಂಬೋಣ ಅಂತ ಶುರು ಮಾಡಿದೆ. ಆದರೆ ನಾನು ಮಾಡಿದರೆ ಕಲಸನ್ನದ ಥರ ಆಗುತ್ತದೆ, ಎಲ್ಲಾ ಒಂದೇ ರುಚಿ. ಯಜಮಾನರಿಗೆ ಶುಗರ್ ಗಡಿಯಲ್ಲಿದೆ. ನವಣೆ ಮಾಡಿದರೆ ಮಕ್ಕಳು ಮರಳು ತಿಂದ ಹಾಗಿದೆ ಅಂತಾರೆ. ತಂಗಳು ಅಂದರೆ ವಿಷ ಅಂತ ಅತ್ತೆ. ಏನು ಮಾಡಲಿ?

ಉತ್ತರ: ನಿಮ್ಮ ಬಟ್ಟಲು ಕೆಡುತ್ತಿರುವುದು ಹಿಂದಿನ ರಾತ್ರಿ, ಊಟ ಮುಗಿದು ಪಾತ್ರೆ ಎತ್ತಿಡುವಾಗ. "ಎಲ್ಲಾ ಒಂದೇ ರುಚಿ" ಅಂತ ಓದಿದ ಕೂಡಲೇ ನಿಮ್ಮ ಫ್ರಿಜ್ ನನ್ನ ಕಣ್ಣ ಮುಂದೆ ಬಂತು. ಡಬ್ಬಿ ಕಡಿಮೆ ಆಗಲಿ ಅಂತ ಅನ್ನದ ಮೇಲೆ ಪಲ್ಯ, ಅದರ ಮೇಲೆ ಉಳಿದ ಎರಡು ಸೌಟು ಸಾರು. ಅಲ್ವಾ? ಬೆಳಗಾಗುವಷ್ಟರಲ್ಲಿ ಅನ್ನ ಆ ಸಾರನ್ನೆಲ್ಲ ಕುಡಿದು ಊದಿಕೊಂಡಿರುತ್ತದೆ. ಪಲ್ಯದ ಕಾಯಿತುರಿ ಹಳಸುವ ದಾರಿ ಹಿಡಿದಿರುತ್ತದೆ. ಆಮೇಲೆ ಎಷ್ಟು ನಿಂಬೆಹಣ್ಣು ಹಿಂಡಿದರೂ ಅದು ಕಲಸನ್ನವೇ.

ಬೇರೆ ಬೇರೆ ಎತ್ತಿಡಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು. ಅನ್ನ ಒಂದು ಡಬ್ಬಿ, ಪಲ್ಯ ಒಂದು, ಕಾಳು ಒಂದು. ಚಿಕ್ಕ ಚಿಕ್ಕ ಡಬ್ಬಿಗಳು ನಾಲ್ಕು ಜಾಸ್ತಿ ತೊಳೆಯಬೇಕಾಗುತ್ತದೆ, ಅದು ನಿಜ. ಪಲ್ಯಕ್ಕೆ ಕಾಯಿತುರಿ ಹಾಕುವ ಮೊದಲೇ ನಾಳೆಯ ಪಾಲು ತೆಗೆದಿಡಿ, ಮೊದಲು ಹಳಸುವುದೇ ಕಾಯಿ. ಕಾಳು ನೆನೆಹಾಕುವಾಗ ಒಂದು ಹಿಡಿ ಜಾಸ್ತಿ ಹಾಕಿ, ಬೆಂದ ಮೇಲೆ ಒಗ್ಗರಣೆಗೆ ಮುಂಚೆ ಆ ಹಿಡಿಯಷ್ಟನ್ನು ಪಕ್ಕಕ್ಕಿಡಿ. ಉಪ್ಪು ಖಾರ ಹಾಕದ ಬೆಂದ ಕಾಳು ನಾಳೆ ಯಾವ ವೇಷ ಬೇಕಾದರೂ ಹಾಕುತ್ತದೆ. ಒಗ್ಗರಣೆ ಬಿದ್ದ ಕಾಳು ಉಸಲಿ ಆಗಿಯೇ ಉಳಿಯುತ್ತದೆ.

ಇನ್ನು ಅನ್ನದ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಹೆಚ್ಚಿನವರು ತಪ್ಪುವುದು ಇಲ್ಲೇ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರುವುದು ಮಾಮೂಲು. ಅನ್ನ ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಬಿಸಿ ಆರಿ ಬೆಚ್ಚಗೆ ಕೂತಾಗ ಅವು ಮೊಳೆತು ಬೆಳೆಯುತ್ತವೆ, ಕೆಲವು ತಳಿಗಳು ವಾಂತಿ ಬರಿಸುವ ವಿಷವನ್ನೂ ಉಗುಳುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ಚೆನ್ನಾಗಿ ಕಾಯಿಸಿದೆನಲ್ಲ, ಮತ್ತೇಕೆ ಹೀಗಾಯಿತು" ಅಂತ ನನ್ನ ಬಳಿ ಕೇಳುವವರಿಗೆ ಇದೇ ಉತ್ತರ. ನಾನೂ ಇದನ್ನು ಓದಿ ಕಲಿತವಳಲ್ಲ. ಒಮ್ಮೆ ರೈಲು ಪ್ರಯಾಣಕ್ಕೆ ಮಧ್ಯಾಹ್ನ ಬಿಸಿ ಬಿಸಿ ಪಲಾವ್ ಮಾಡಿ, ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ, ಟವೆಲ್ ಸುತ್ತಿಕೊಂಡು ಹೋದೆ. ರಾತ್ರಿ ಹತ್ತಕ್ಕೆ ತಿಂದಾಗ ವಾಸನೆ, ರುಚಿ ಎಲ್ಲ ಸರಿಯಾಗಿಯೇ ಇತ್ತು. ಮಧ್ಯರಾತ್ರಿಯಿಂದ ಬೆಳಗಿನವರೆಗೆ ಬೋಗಿಯ ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಆ ಟವೆಲ್ ಪಲಾವನ್ನು ಆರು ಗಂಟೆ ಕಾಲ ಹದವಾಗಿ ಬೆಚ್ಚಗೆ ಇಟ್ಟಿತ್ತು.

ಆದ್ದರಿಂದ ಅನ್ನ ಕುಕ್ಕರಿನಲ್ಲೇ ಕೂರಬಾರದು. ಊಟ ಆದ ತಕ್ಷಣ ಮಿಕ್ಕಿದ್ದನ್ನು ಅಗಲವಾದ ತಟ್ಟೆಗೋ ಪರಾತಕ್ಕೋ ಹರವಿ. ಫ್ಯಾನ್ ಕೆಳಗೆ ಇಪ್ಪತ್ತು ನಿಮಿಷದಲ್ಲಿ ಆರುತ್ತದೆ. ಆಮೇಲೆ ಎತ್ತರದ ಡಬ್ಬಿಗೆ ಒತ್ತಿ ತುಂಬದೆ, ಅಗಲ ಡಬ್ಬಿಯಲ್ಲಿ ತೆಳುವಾಗಿ ಹಾಕಿ ಫ್ರಿಜ್ಜಿಗೆ. ಬೇಯಿಸಿದ ಮೇಲೆ ಒಂದು ಗಂಟೆಯೊಳಗೆ ಒಳಗಿಟ್ಟರೆ ಒಳ್ಳೆಯದು, ಎರಡು ಗಂಟೆ ಮೀರಬಾರದು. ಮಾರನೇ ದಿನವೇ ತಿಂದು ಮುಗಿಸಿ. ಮೂರ್ನಾಲ್ಕು ದಿನ ಇಟ್ಟು ತಿನ್ನಬಹುದು ಅನ್ನುವ ದೇಶಗಳಿವೆ. ಆದರೆ ದಿನಕ್ಕೆರಡು ಸಲ ಕರೆಂಟ್ ಹೋಗುವ, ಮಕ್ಕಳು ಗಳಿಗೆಗೊಮ್ಮೆ ಬಾಗಿಲು ತೆಗೆಯುವ ಫ್ರಿಜ್ಜನ್ನು ನಾನು ಅಷ್ಟು ನಂಬುವುದಿಲ್ಲ. ಜಾಸ್ತಿ ಮಿಕ್ಕಿದರೆ ಒಬ್ಬೊಬ್ಬರ ಪಾಲನ್ನು ಕವರಿಗೆ ತೆಳುವಾಗಿ ಹರಡಿ ಫ್ರೀಜರಿನಲ್ಲಿಡಿ.

ಬಿಸಿ ಮಾಡುವುದು ಒಂದೇ ಸಲ. ಎಷ್ಟು ಬೇಕೋ ಅಷ್ಟನ್ನೇ ತೆಗೆದು, ಅನ್ನದ ಮೇಲೆ ಒಂದೆರಡು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಒಳಗಿನವರೆಗೂ ಹಬೆ ಬರುವ ಹಾಗೆ ಕಾಯಿಸಿ. ಓವನ್ ಇಲ್ಲದಿದ್ದರೆ ಇಡ್ಲಿ ಪಾತ್ರೆಯಲ್ಲಿ ಐದಾರು ನಿಮಿಷ ಸಾಕು. ನನಗೆ ಕೇಳಿದರೆ ಇಡ್ಲಿ ಪಾತ್ರೆಯೇ ವಾಸಿ, ಅಗುಳು ಹೊಸ ಅನ್ನದ ಹಾಗೆ ಬಿಡಿಸಿಕೊಳ್ಳುತ್ತದೆ.

ಬಟ್ಟಲಿಗೆ ಬರೋಣ. ಹೆಸರಲ್ಲೇ ಗ್ರೇನ್ ಇದೆ ಅಂತ ನಾವು ಧಾನ್ಯವನ್ನೇ ಮೊದಲು ಸುರಿಯುತ್ತೇವೆ. ಮುಕ್ಕಾಲು ಬಟ್ಟಲು ಅನ್ನ, ಮೇಲೆ ಅಲಂಕಾರಕ್ಕೆ ಎರಡು ಚಮಚ ಪಲ್ಯ. ಅದು ನಮ್ಮ ಹಳೇ ಊಟವೇ, ತಟ್ಟೆ ಬದಲಾಗಿದೆ ಅಷ್ಟೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ನೋಡಿ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಬೇಳೆಕಾಳು 85 ಗ್ರಾಂ ಅನ್ನುತ್ತದೆ. ಇವೆಲ್ಲ ಬೇಯಿಸುವ ಮುಂಚಿನ ತೂಕ. ಧಾನ್ಯಕ್ಕಿಂತ ತರಕಾರಿ ಜಾಸ್ತಿ! ಆಲೂಗಡ್ಡೆ ಆ ತರಕಾರಿ ಲೆಕ್ಕಕ್ಕೆ ಸೇರುವುದಿಲ್ಲ ಅನ್ನುವುದನ್ನೂ ಮರೆಯಬೇಡಿ.

ಅದಕ್ಕೇ ನಾನು ತುಂಬುವ ಕ್ರಮವನ್ನೇ ತಿರುಗಿಸಿ ಹೇಳುತ್ತೇನೆ. ಬಟ್ಟಲಿಗೆ ಮೊದಲು ತರಕಾರಿ ಬೀಳಲಿ, ಅರ್ಧದಷ್ಟು. ಅದರಲ್ಲಿ ಒಂದು ಪಾಲಾದರೂ ಹಸಿಯದು, ಆಗ ತಾನೇ ಹೆಚ್ಚಿದ್ದು ಇರಬೇಕು. ಸೌತೆಕಾಯಿ, ಕ್ಯಾರೆಟ್, ಮೂಲಂಗಿ, ಈರುಳ್ಳಿ ಯಾವುದಾದರೂ ಆದೀತು. ಎಲ್ಲವೂ ನಿನ್ನೆಯದೇ ಆದ ಬಟ್ಟಲಿಗೆ ಜೀವ ಇರುವುದಿಲ್ಲ. ಒಂದು ಹಿಡಿ ಹಸಿ ಸೌತೆಕಾಯಿ ಬಿದ್ದರೆ ನಿನ್ನೆಯ ಬೀನ್ಸ್ ಪಲ್ಯವೂ ಎದ್ದು ಕೂರುತ್ತದೆ. ಆಮೇಲೆ ಒಂದು ಸಣ್ಣ ಬಟ್ಟಲು ಕಾಳು. ಉಳಿದ ಜಾಗದಲ್ಲಿ ಅನ್ನವೋ ನವಣೆಯೋ, ನಿಮ್ಮ ಮುಷ್ಟಿ ಗಾತ್ರ ಅಥವಾ ಸ್ವಲ್ಪ ಜಾಸ್ತಿ.

ಇಷ್ಟರಲ್ಲಿ ಹೊಟ್ಟೆ ತುಂಬುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಕಪ್ ಬೆಂದ ಅನ್ನದಲ್ಲಿ ಪ್ರೋಟೀನ್ ನಾಲ್ಕು ಗ್ರಾಂ ಆಸುಪಾಸು. ಸಣ್ಣ ಬಟ್ಟಲು ಬೆಂದ ಕಾಳಿನಿಂದ ಎಂಟು, ಅರ್ಧ ಕಪ್ ಮೊಸರಿನಿಂದ ಮೂರೂವರೆ, ಒಂದು ದೊಡ್ಡ ಚಮಚ ಹುರಿದ ಕಡಲೆಕಾಯಿ ಬೀಜದಿಂದ ಎರಡೂವರೆ. ಸೇರಿದರೆ ಹದಿನೆಂಟು ಗ್ರಾಂ. ಮೊಟ್ಟೆ ತಿನ್ನುವವರಾದರೆ ಇನ್ನೊಂದು ಆರು. ಬರೀ ಅನ್ನ ಸಾರು ಎರಡು ಸಲ ಹಾಕಿಸಿಕೊಂಡರೂ ಇಷ್ಟು ಬರುವುದಿಲ್ಲ. ನಾಲ್ಕು ಗಂಟೆಗೆ ಆಫೀಸಿನಲ್ಲಿ ಬಿಸ್ಕತ್ತಿನ ಪೊಟ್ಟಣಕ್ಕೆ ಕೈ ಹೋಗುವುದು ಅದಕ್ಕೇ.

ಕಲಸನ್ನಕ್ಕೂ ಬಟ್ಟಲಿಗೂ ಇರುವ ವ್ಯತ್ಯಾಸ ನಿಜವಾಗಿ ಕಾಣುವುದು ಮೇಲೆ ಬೀಳುವ ರಸದಲ್ಲಿ. ಹೊರದೇಶದವರು ಇದಕ್ಕೆ ಡ್ರೆಸ್ಸಿಂಗ್ ಅನ್ನುತ್ತಾರೆ, ಎಳ್ಳಿನ ಪೇಸ್ಟು, ಆಲಿವ್ ಎಣ್ಣೆ ಅಂತ ಪಟ್ಟಿ ಕೊಡುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಬರ ಇಲ್ಲ. ನಿನ್ನೆಯ ಸಾಂಬಾರನ್ನು ಕದಡದೆ ಮೇಲಿನ ತಿಳಿ ಬಸಿದು ಕುಡಿದುಬಿಡಿ. ತಳದಲ್ಲಿ ಉಳಿದ ಗಟ್ಟಿಯನ್ನು ಸಣ್ಣ ಬಾಣಲೆಯಲ್ಲಿ ಮೂರು ನಿಮಿಷ ಕುದಿಸಿ. ಚಮಚದ ಬೆನ್ನಿಗೆ ಅಂಟುವಷ್ಟು ಆದಾಗ ಇಳಿಸಿ ನಿಂಬೆ ಹಿಂಡಿ. ಅದನ್ನು ಎರಡೇ ಚಮಚ ಮೇಲೆ ಹಾಕಿ. ಬಸ್ಸಾರು ಮಾಡಿದ ದಿನವಂತೂ ಹಬ್ಬ. ಕಾಳು ಸೊಪ್ಪಿನ ಪಲ್ಯ ಹೇಗೂ ಬೇರೆ ಇರುತ್ತದೆ, ಸಾರು ಬೇರೆ ಇರುತ್ತದೆ. ಮಂಡ್ಯ, ಹಾಸನದ ಕಡೆಯ ಮನೆಗಳಲ್ಲಿ ಈ ಬೇರೆ ಇಡುವ ಪದ್ಧತಿ ಅಡುಗೆಯಲ್ಲೇ ಸೇರಿಹೋಗಿದೆ. ಬಸ್ಸಾರನ್ನು ಹೀಗೇ ಬತ್ತಿಸಿ, ಕಾಳು ಸೊಪ್ಪಿನ ಮೇಲೆ ಹಾಕಿ, ಪಕ್ಕದಲ್ಲಿ ಹಸಿ ಈರುಳ್ಳಿ, ಬೇಯಿಸಿದ ಮೊಟ್ಟೆ ಒಂದು, ಒಂದು ಮುಷ್ಟಿ ಅನ್ನ. ಇದಕ್ಕಿಂತ ಒಳ್ಳೆಯ ಗ್ರೇನ್ ಬೌಲ್ ನನಗೆ ಗೊತ್ತಿಲ್ಲ.

ಸಾರು ಉಳಿಯದ ದಿನ ಚಟ್ನಿಪುಡಿ ಕೈಹಿಡಿಯುತ್ತದೆ. ಅಗಸೆ, ಗುರೆಳ್ಳು, ಶೇಂಗಾ ಯಾವ ಪುಡಿಯಾದರೂ ಸರಿ. ಎರಡು ಚಮಚ ಪುಡಿಯನ್ನು ಅರ್ಧ ಕಪ್ ಗಟ್ಟಿ ಮೊಸರಿಗೆ ಹಾಕಿ ಕದಡಿ ಐದು ನಿಮಿಷ ಬಿಡಿ. ಅಗಸೆಯಾದರೆ ತಾನೇ ಗಟ್ಟಿಯಾಗುತ್ತದೆ. ಗುರೆಳ್ಳಾದರೆ ಬೂದಿ ಬಣ್ಣ ಬಂದು ನೋಡಲು ಚೆನ್ನಾಗಿರುವುದಿಲ್ಲ, ರುಚಿಯಲ್ಲಿ ಅದೇ ಎತ್ತಿದ ಕೈ. ಉಪ್ಪು ಮತ್ತೆ ಹಾಕಬೇಡಿ. ಪಲ್ಯದಲ್ಲಿ, ಪುಡಿಯಲ್ಲಿ, ಉಪ್ಪಿನಕಾಯಿ ಇದ್ದರೆ ಅದರಲ್ಲಿ, ಎಲ್ಲದರಲ್ಲೂ ಉಪ್ಪು ಆಗಲೇ ಇದೆ. ದಿನಕ್ಕೆ ಐದು ಗ್ರಾಂ ದಾಟಬಾರದು ಅಂದರೆ ಇಡೀ ದಿನಕ್ಕೆ ಒಂದು ಟೀ ಚಮಚ.

ಉತ್ತರ ಕರ್ನಾಟಕದ ಕಡೆ ಊಟಕ್ಕೆ ಕೂತಾಗ ಹಸಿ ಮೆಂತ್ಯ, ಹಕ್ಕರಕಿ ಸೊಪ್ಪು, ಮೂಲಂಗಿ, ಸೌತೆಕಾಯಿ ತಟ್ಟೆಯ ಅಂಚಿಗೆ ಬಂದೇ ಬರುತ್ತವೆ. ಜೋಳದ ನುಚ್ಚು ಮಿಕ್ಕಿದ್ದರೆ ಅದನ್ನು ಕೈಯಲ್ಲಿ ಪುಡಿ ಮಾಡಿ, ಮೇಲೆ ಮಜ್ಜಿಗೆ, ಸಣ್ಣಗೆ ಹೆಚ್ಚಿದ ಮೆಂತ್ಯ ಸೊಪ್ಪು, ಎಣ್ಣೆಗಾಯಿ ಉಳಿದಿದ್ದರೆ ಒಂದು ಬದನೆಕಾಯಿ, ಶೇಂಗಾ ಚಟ್ನಿ ಹಾಕಿಕೊಳ್ಳಿ. ನುಚ್ಚಿಗೆ ಬಿಸಿ ಬೇಕೇ ಬೇಕು ಅಂತಿಲ್ಲ, ಮಜ್ಜಿಗೆಯಲ್ಲಿ ಹತ್ತು ನಿಮಿಷ ನೆನೆದರೆ ಮೆತ್ತಗಾಗುತ್ತದೆ. ಕರಾವಳಿಯವರ ಕುಚ್ಚಲಕ್ಕಿ ಅನ್ನ ಮರುದಿನವೂ ಅಗುಳು ಅಗುಳಾಗಿ ಗಟ್ಟಿ ಇರುತ್ತದೆ, ಮಿಕ್ಕಿದ್ದರ ಬಟ್ಟಲಿಗೆ ಅದು ಹೇಳಿಮಾಡಿಸಿದ್ದು. ಭತ್ತವನ್ನು ಕುಚ್ಚುವಾಗ ತೌಡಿನ ಬಿ ವಿಟಮಿನ್‌ಗಳು ಸ್ವಲ್ಪ ಒಳಕ್ಕೆ ಇಳಿಯುವುದರಿಂದ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಸತ್ವವೂ ಜಾಸ್ತಿ.

ಮುದ್ದೆ ಮಾತ್ರ ಬಟ್ಟಲಿಗೆ ಒಗ್ಗುವುದಿಲ್ಲ. ಓವನ್ನಿನಲ್ಲಿ ಇಟ್ಟರೆ ರಬ್ಬರ್. ಅದನ್ನು ಮಜ್ಜಿಗೆಗೆ ಕಿವುಚಿ, ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಅಂಬಲಿಯ ಥರ ಕುಡಿಯುವುದೇ ಸರಿ. ನೂರು ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತದೆ, ಬಿಸಾಕುವುದು ಯಾಕೆ? ಬಿಸಿಬೇಳೆಬಾತ್ ಮಿಕ್ಕಿದರೂ ಅದರ ಜೊತೆ ಹೊಸ ಪ್ರಯೋಗ ಬೇಡ. ಬೇಳೆ, ತರಕಾರಿ, ಅಕ್ಕಿ ಎಲ್ಲ ಸೇರಿದ ಅದು ಮೊದಲೇ ಒಂದು ಬೌಲ್. ಪಕ್ಕದಲ್ಲಿ ಕೋಸಂಬರಿ ಇಟ್ಟುಕೊಂಡು ತಿನ್ನಿ.

ಅಂದಹಾಗೆ ಆ ಫೋಟೋಗಳಲ್ಲಿ ಕಾಣುವ ಅವಕಾಡೊ ನಮ್ಮ ಬೆಣ್ಣೆಹಣ್ಣೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೆಳೆಯುತ್ತದೆ. ಸಿಕ್ಕ ಕಾಲದಲ್ಲಿ ಹಾಕಿಕೊಳ್ಳಿ, ಸಿಗದಿದ್ದರೆ ಕಡಲೆಕಾಯಿ ಬೀಜ ಆ ಕೆಲಸ ಮಾಡುತ್ತದೆ. ಹೊರದೇಶದ ಕಿನೋವಾ ಧಾನ್ಯದ ಬಗ್ಗೆ ನನಗೆ ದ್ವೇಷ ಏನಿಲ್ಲ, ಆದರೆ ಮನೆಯಲ್ಲಿ ನವಣೆ, ಸಾಮೆ ಇರುವಾಗ ಸುಮ್ನೆ ದುಡ್ಡು ಯಾಕೆ ಅಂತ.

ನವಣೆ ಮರಳಿನ ಹಾಗಿದೆ ಅನ್ನುವ ಮಕ್ಕಳು ಸುಳ್ಳು ಹೇಳುತ್ತಿಲ್ಲ. ಸಿರಿಧಾನ್ಯ ಫ್ರಿಜ್ಜಿನಲ್ಲಿ ಅಕ್ಕಿಗಿಂತ ಬೇಗ ಒಣಗಿ ಬಿರುಸಾಗುತ್ತದೆ. ಎರಡು ಕಡೆ ಸರಿಮಾಡಬೇಕು. ಬೇಯಿಸುವ ಮೊದಲು ಅರ್ಧ ಗಂಟೆಯಾದರೂ ನೆನೆಸಿ, ಒಂದಕ್ಕೆ ಎರಡೂವರೆ ಅಳತೆ ನೀರಿಟ್ಟು ಬೇಯಿಸಿ, ಒಲೆ ಆರಿಸಿದ ಮೇಲೆ ಹತ್ತು ನಿಮಿಷ ಮುಚ್ಚಿಡಿ. ಮರುದಿನ ಬಿಸಿ ಮಾಡುವಾಗ ಅನ್ನಕ್ಕಿಂತ ಎರಡರಷ್ಟು ನೀರು ಚಿಮುಕಿಸಿ. ಇಷ್ಟಾದರೂ ಮುಖ ಸಿಂಡರಿಸಿದರೆ ನವಣೆಗೆ ಅರ್ಧದಷ್ಟು ಅನ್ನ ಬೆರೆಸಿ, ಮೊಸರು ಜಾಸ್ತಿ ಹಾಕಿ. ನಿನ್ನೆಯ ಚಪಾತಿ ಇದ್ದರೆ ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಕಾದ ತವಾದ ಮೇಲೆ ಒಂದು ಹನಿ ಎಣ್ಣೆಯಲ್ಲಿ ಗರಿಗರಿ ಮಾಡಿ ಮೇಲೆ ಉದುರಿಸಿ. ಚಿಪ್ಸ್ ಅಂತ ತಿನ್ನುತ್ತಾರೆ. ಮೊಳಕೆ ಕಾಳನ್ನು ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಹಸಿಯಾಗಿ ಕೊಡಬೇಡಿ, ಚೆನ್ನಾಗಿ ಬೇಯಿಸಿಯೇ ಕೊಡಿ. ಕಾಳು ಮೊಳೆಯುವ ಬೆಚ್ಚನೆಯ ಒದ್ದೆಯಲ್ಲಿ ರೋಗಾಣುಗಳೂ ಚೆನ್ನಾಗಿ ಬೆಳೆಯುತ್ತವೆ.

ಯಜಮಾನರ ಶುಗರ್ ವಿಷಯ. ಆರಿದ ಅನ್ನದಲ್ಲಿ ಸಕ್ಕರೆ ಕಡಿಮೆ ಅಂತ ಒಂದು ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಅದರಲ್ಲಿ ಎಳ್ಳಷ್ಟು ಸತ್ಯ ಇದೆ. ಅನ್ನ ತಣ್ಣಗಾದಾಗ ಪಿಷ್ಟದ ಒಂದು ಪಾಲು ಗಟ್ಟಿಯಾಗಿ, ಬೇಗ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. 2015ರಲ್ಲಿ ಪ್ರಕಟವಾದ ಇಂಡೊನೇಷ್ಯಾದ ಒಂದು ಅಧ್ಯಯನದಲ್ಲಿ ಆಗ ತಾನೇ ಬೆಂದ ಬಿಳಿ ಅನ್ನದ ನೂರು ಗ್ರಾಂನಲ್ಲಿ ಅಂಥ ಪಿಷ್ಟ 0.64 ಗ್ರಾಂ ಇತ್ತು. ಫ್ರಿಜ್ಜಿನಲ್ಲಿ 24 ಗಂಟೆ ಇಟ್ಟು ಮತ್ತೆ ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ. ತಿಂದವರ ರಕ್ತದ ಸಕ್ಕರೆ ಏರಿದ್ದೂ ಕಡಿಮೆ. ಆದರೆ ಅವರು 15 ಜನ, ಎಲ್ಲ ಆರೋಗ್ಯವಂತರು. ನೂರರಲ್ಲಿ ಒಂದು ಗ್ರಾಂ ವ್ಯತ್ಯಾಸ ನೆಚ್ಚಿಕೊಂಡು ಇನ್ನೊಂದು ಸೌಟು ಅನ್ನ ಹಾಕಿಕೊಂಡರೆ ಲೆಕ್ಕ ಉಲ್ಟಾ ಆಗುತ್ತದೆ. ನವಣೆ ಕೂಡ ಹಾಗೇ. ನಾರು ಜಾಸ್ತಿ, ಒಳ್ಳೆಯದೇ, ಆದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಪಿಷ್ಟವೇ. ಅವರಿಗೆ ನಾನು ಹೇಳುವುದು ಇಷ್ಟು: ಧಾನ್ಯ ಒಂದೇ ಮುಷ್ಟಿ, ಮತ್ತು ತಿನ್ನುವಾಗ ತರಕಾರಿ, ಕಾಳು ಮೊದಲು, ಅನ್ನ ಕೊನೆಗೆ. ಈ ಕ್ರಮದಲ್ಲಿ ತಿಂದರೆ ಊಟದ ನಂತರದ ಸಕ್ಕರೆ ನಿಧಾನವಾಗಿ ಏರುತ್ತದೆ. ಬೆರೆಸದೆ ಪಕ್ಕ ಪಕ್ಕ ಇಟ್ಟ ಬಟ್ಟಲಿನಲ್ಲಿ ಇದು ಸಾಧ್ಯ, ಕಲಸನ್ನದಲ್ಲಿ ಹೇಗೆ ಆದೀತು? ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಊಟ ಶುರುಮಾಡಿ ಎರಡು ಗಂಟೆ ಆದ ಮೇಲೆ ನೋಡಿಕೊಳ್ಳಲಿ. ಯಾವ ಬಟ್ಟಲು ಅವರಿಗೆ ಒಗ್ಗುತ್ತದೆ ಅಂತ ಒಂದೇ ವಾರದಲ್ಲಿ ಗೊತ್ತಾಗುತ್ತದೆ.

ಡಬ್ಬಿ ತುಂಬುವುದರಲ್ಲೂ ಒಂದು ಎಚ್ಚರ. ಬೆಳಗ್ಗೆ ಏಳೂವರೆಗೆ ಬಿಸಿ ಮಾಡಿ ಡಬ್ಬಿಗೆ ಹಾಕಿ ಒಂದೂವರೆಗೆ ತಿಂದರೆ, ಅದು ನನ್ನ ರೈಲಿನ ಪಲಾವಿನ ಕಥೆಯೇ. ಆಫೀಸಿನಲ್ಲಿ ಫ್ರಿಜ್, ಓವನ್ ಇದ್ದರೆ ಅನ್ನವನ್ನು ಫ್ರಿಜ್ಜಿನಿಂದ ತೆಗೆದ ಹಾಗೇ ತಣ್ಣಗೆ ಒಯ್ದು, ಅಲ್ಲಿ ಫ್ರಿಜ್ಜಿನಲ್ಲಿಟ್ಟು, ತಿನ್ನುವ ಮುಂಚೆ ಬಿಸಿ ಮಾಡಿ. ಇಲ್ಲದಿದ್ದರೆ ಕುದಿವ ನೀರು ಹಾಕಿ ಬೆಚ್ಚಗಾಗಿಸಿದ ಫ್ಲಾಸ್ಕ್ ಡಬ್ಬಿಗೆ ಸುಡುಬಿಸಿ ಅನ್ನ ತುಂಬಿ. ಹಸಿ ತರಕಾರಿ, ಮೊಸರು ಬೇರೆ ಡಬ್ಬಿಯಲ್ಲಿರಲಿ, ಪಕ್ಕದಲ್ಲಿ ರಾತ್ರಿ ಫ್ರೀಜರಿನಲ್ಲಿಟ್ಟ ಚಿಕ್ಕ ನೀರಿನ ಬಾಟಲಿ ಇಡಿ. ಹೆಚ್ಚಿದ ಸೌತೆಕಾಯಿಗೆ ಮನೆಯಲ್ಲೇ ಉಪ್ಪು ಹಾಕಿದರೆ ಮಧ್ಯಾಹ್ನ ನೀರಿನಲ್ಲಿ ತೇಲುತ್ತಿರುತ್ತದೆ. ನಿಂಬೆಹಣ್ಣಿನ ಹೋಳೊಂದನ್ನು ಹಾಗೇ ಒಯ್ದು ಅಲ್ಲೇ ಹಿಂಡಿಕೊಳ್ಳಿ. ಅದರ ವಿಟಮಿನ್ ಸಿ ಇದ್ದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಟೀ ಕುಡಿದರೆ ಅದೇ ಕಬ್ಬಿಣಕ್ಕೆ ಅಡ್ಡಿ, ಒಂದು ಗಂಟೆ ಬಿಟ್ಟು ಕುಡಿಯಿರಿ.

ಕೊನೆಗೆ ನಿಮ್ಮ ಅತ್ತೆ. ಅವರ ಮಾತಿನಲ್ಲಿ ಅರ್ಧ ಸರಿ ಇದೆ. ರಾತ್ರಿಯೆಲ್ಲ ಒಲೆಯ ಪಕ್ಕ ಕೂತ ಅನ್ನದ ಬಗ್ಗೆ ಅವರು ಹೇಳುವುದನ್ನು ಮೇಲೆ ನಾನೂ ಹೇಳಿದ್ದೇನೆ. ಹಿಂದಿನವರು ತಂಗಳನ್ನ ತಿನ್ನುತ್ತಿರಲಿಲ್ಲವೇ ಅಂತ ವಾದಕ್ಕೆ ಇಳಿಯಬೇಡಿ. ಅವರು ಅದಕ್ಕೆ ನೀರೋ ಮಜ್ಜಿಗೆಯೋ ಹಾಕಿ ಹುಳಿ ಬರಿಸುತ್ತಿದ್ದರು. ಹುಳಿ ಬಂದಲ್ಲಿ ಕೆಟ್ಟ ಕ್ರಿಮಿ ಬೆಳೆಯುವುದು ಕಷ್ಟ. ಪ್ರಯಾಣಕ್ಕೆ ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತಿದ್ದುದಕ್ಕೂ ಹುಣಿಸೆಹುಳಿಯೇ ಕಾರಣ. ಕುಕ್ಕರಿನಲ್ಲಿ ಮರೆತ ಅನ್ನಕ್ಕೆ ಆ ಕಾವಲು ಇಲ್ಲ. ಅತ್ತೆಗೆ ಬೇಡ ಅಂದರೆ ಬಲವಂತ ಮಾಡಬೇಡಿ. ಅವರಿಗೆ ಒಂದು ಹಿಡಿ ಅಕ್ಕಿ ಬೆಳಗ್ಗೆ ಹೊಸದಾಗಿ ಇಟ್ಟುಬಿಡಿ. ಕೋಸಂಬರಿ, ಕಾಳು ಹೇಗೂ ಆ ದಿನದ್ದೇ ಮಾಡಬಹುದು. ಹೆಸರುಬೇಳೆ ನೆನೆಯಲು ಅರ್ಧ ಗಂಟೆ ಸಾಕು, ಕ್ಯಾರೆಟ್ ತುರಿಯುವ ಕೆಲಸವನ್ನು ಅವರಿಗೇ ಕೊಡಿ.